ಗುಂಡು ಕದಲಿದ ದಿನ

ಆ ದಿನಗಳಲ್ಲಿ ನಮ್ಮೂರಿನ ಮಕ್ಕಳಿಗೆ ಭಾರ ಎಂದರೇನು ಎಂದು ಯಾರೂ ಕೂರಿಸಿಕೊಂಡು ಹೇಳಿಕೊಡಬೇಕಾಗಿರಲಿಲ್ಲ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸುವಾಗ ಒಂದು ಪಾಠ, ಖಾಲಿ ಬಿಂದಿಗೆ ಕಾಲಿಗೆ ತಗುಲಿ ಅಂಗಳದ ತುದಿಯವರೆಗೂ ಉರುಳಿದಾಗ ಇನ್ನೊಂದು ಪಾಠ. ಹುಣಸೆ ಕೊಂಬೆಯನ್ನು ಹಿಡಿದು ಜಾಡಿಸಿದರೆ ಕೊಂಬೆ ನಮ್ಮ ಕಡೆಗೆ ಬರುತ್ತಿತ್ತು, ಹಣ್ಣು ಮಾತ್ರ ಇದ್ದಲ್ಲೇ ಇರುತ್ತೇನೆಂದು ಹಟ ಹಿಡಿದು ತೊಟ್ಟು ಕಳಚಿಕೊಂಡು ಬೀಳುತ್ತಿತ್ತು. ಮುಳಬಾಗಿಲಿನ ಬಸ್ಸು ತಾಯಲೂರಿನ ಹತ್ತಿರ ಗಕ್ಕನೆ ಬ್ರೇಕ್ ಹಾಕಿದಾಗ ನಮ್ಮಜ್ಜಿ ಕಂಡಕ್ಟರನ ಮೇಲೆಯೇ ಹೋಗಿ ಬಿದ್ದು, ಎದ್ದ ಮೇಲೆ ಅವನಿಗೇ "ಕಣ್ ಕಾಣಲ್ವೇನ್ಲಾ ನಿಂಗೆ?" ಎಂದು ಗದರಿದ್ದಳು. ನಿಮ್ಮಜ್ಜಿಯೂ ಯಾವುದೋ ಬಸ್ಸಿನಲ್ಲಿ ಹೀಗೆ ಬಿದ್ದಿರುತ್ತಾಳೆ, ಹೀಗೇ ಬೈದಿರುತ್ತಾಳೆ.

ಈಗ ನಾನು ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಜಡತ್ವದ ಪಾಠ ಬಂದಾಗ ಪುಸ್ತಕ ತೆರೆಯುವುದಿಲ್ಲ. ಇದು ಜಂಬ ಎಂದರೆ ಜಂಬವೇ, ನನಗೇನೂ ಬೇಸರವಿಲ್ಲ. ಲೋಟದ ಮೇಲೆ ಕಾರ್ಡು, ಕಾರ್ಡಿನ ಮೇಲೆ ನಾಣ್ಯ ಇಟ್ಟು ಫಟ್ಟೆಂದು ಹೊಡೆದು ತೋರಿಸುವ ಆಟ ಬೇರೆ ಮೇಷ್ಟರುಗಳಿಗೆ ಇರಲಿ. ನನಗೆ ಆ ಪಾಠ ಕಲಿಸಿದವರು ನಮ್ಮಮ್ಮ, ನಮ್ಮ ದೊಡ್ಡಮ್ಮ ಮತ್ತು ಎರಡು ಎತ್ತುಗಳು. ಕಲಿಸಿದ ಜಾಗ ನಮ್ಮ ರಾಗಿ ಕಣ.

ಕೊಯ್ದ ರಾಗಿಯನ್ನು ಒಣಗಿಸಿ ಮೆದೆ ಒಟ್ಟಿ, ಚಳಿ ಗಟ್ಟಿಯಾಗಿ ಕೂತ ಮೇಲೆ ಕಣ ಮಾಡುತ್ತಿದ್ದರು. ನೆಲಕ್ಕೆ ನೀರು ಚಿಮುಕಿಸಿ, ಗಟ್ಟಿಸಿ, ಸಗಣಿ ಸಾರಿಸಿದರೆ ಅದರ ಮೇಲೆ ಬರಿಗಾಲಿನಲ್ಲಿ ಓಡಾಡುವುದೇ ಒಂದು ಸುಖ. ಚಪ್ಪಲಿ ಹಾಕಿಕೊಂಡು ಯಾರೂ ಹತ್ತುವ ಹಾಗಿರಲಿಲ್ಲ. ಆ ಕಾಲದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ಸಾರಿಸಿದ ಸಗಣಿ, ಒಣಹುಲ್ಲಿನ ಧೂಳು, ಜೊತೆಗೆ ಅವರೆಕಾಯಿಯ ಸೊಗಡು. ಕಾಯಿ ಬಿಡಿಸಿದ ಬೆರಳಿಗೆ ಆ ಎಣ್ಣೆ ಘಾಟು ಹತ್ತಿದರೆ ಮಾರನೆಯ ದಿನ ಶಾಲೆಯಲ್ಲೂ ಬೆರಳು ಮೂಸಿಕೊಂಡು ಕೂರಬಹುದಿತ್ತು. ಹುಲ್ಲಿನ ಗುಡ್ಡೆಯ ಮೇಲಿಂದ ಜಾರಿ ಜಾರಿ ಸಂಜೆಗೆ ಮೈಯೆಲ್ಲ ನವೆ, ಅಮ್ಮನ ಕೈಯಲ್ಲಿ ಬೆನ್ನಿಗೊಂದು ಏಟು, ಆಮೇಲೆ ಬಿಸಿನೀರು.

ಕಣದ ದೊರೆ ಎಂದರೆ ಗುಂಡು. ರಾಗಿ ತೆನೆಯ ಮೇಲೆ ಉರುಳಿಸಿ ಕಾಳು ಬಿಡಿಸುವ ಕಲ್ಲು. ಬೇರೆ ಕಡೆ ರೋಣಗಲ್ಲು ಎನ್ನುತ್ತಾರೆ, ನಮ್ಮೂರಲ್ಲಿ ಬರೀ ಗುಂಡು. ಆಗಿನ ನನ್ನ ಎದೆಯೆತ್ತರದ ಕರಿಕಲ್ಲು, ಎರಡು ಬದಿಗೆ ಕಬ್ಬಿಣದ ಗೂಟ, ಗೂಟಕ್ಕೆ ಮರದ ಚೌಕಟ್ಟು, ಚೌಕಟ್ಟಿಗೆ ಎತ್ತಿನ ಜೋಡಿ. ಮುತ್ತಾತನ ಕಾಲದಲ್ಲಿ ಅದನ್ನು ದೇವರಾಯಸಮುದ್ರದ ಕಡೆಯ ಬಂಡೆಯಿಂದ ಕಡೆಸಿ ತಂದರಂತೆ. ಹೇಗೆ ತಂದರು ಎಂದು ಕೇಳಿದರೆ ಅಜ್ಜಿ, "ಒಂದ್ಸಲ ಕದಲ್ತು, ಊರಿಗ್ ಬರೋ ತಂಕ ನಿಲ್ಲಿಸ್ಲಿಲ್ಲ, ಅಷ್ಟೇ ಕಣೇ," ಎನ್ನುತ್ತಿದ್ದಳು.

ನಾನು ಹೇಳಹೊರಟ ವರ್ಷಕ್ಕೆ ಸ್ವಲ್ಪ ಮುಂಚೆ ನಮ್ಮ ಮನೆ ಪಾಲಾಗಿತ್ತು. ದೊಡ್ಡಪ್ಪ ಒಂದು ಕಡೆ, ನಮ್ಮಪ್ಪ ಒಂದು ಕಡೆ. ಮನೆಗೆ ಗೋಡೆ ಎದ್ದಿತು, ಹೊಲಕ್ಕೆ ಬದು ಬಿತ್ತು, ನಡುವಿನ ಕೋಣೆ ಅಜ್ಜಿಗೆ ಉಳಿಯಿತು. ಅದಕ್ಕೆ ಎರಡು ಮನೆಗೂ ಒಂದೊಂದು ಬಾಗಿಲು. ಎತ್ತಿನ ಜೋಡಿಯ ವಿಷಯಕ್ಕೆ ಬಂದಾಗ ಮಾತು ಕೆಟ್ಟಿತು. ಜೋಡಿಯನ್ನು ಒಬ್ಬರು ಇಟ್ಟುಕೊಂಡು ಇನ್ನೊಬ್ಬರಿಗೆ ಹಸುಗಳನ್ನು ಬಿಟ್ಟಿದ್ದರೆ ಮುಗಿಯುತ್ತಿತ್ತು. ಅಣ್ಣ ತಮ್ಮ ಇಬ್ಬರೂ ಒಂದೇ ತಾಯಿಯ ಹಾಲು ಕುಡಿದ ಹಟಮಾರಿಗಳು, ಜೋಡಿಯನ್ನೇ ಒಡೆದರು. ಕೆಂಚ ನಮಗೆ, ಹಂಡ ಅವರಿಗೆ. ನೊಗ ನಮಗೆ, ಮಿಣಿಹಗ್ಗ ಅವರಿಗೆ. ನೊಗ ಒಂದು ಮನೆಯಲ್ಲಿ, ಹಗ್ಗ ಇನ್ನೊಂದು ಮನೆಯಲ್ಲಿ ಇಟ್ಟುಕೊಂಡು ಬೇಸಾಯ ಮಾಡಲು ಹೊರಟವರು ನಮ್ಮ ಹೋಬಳಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಗುಂಡನ್ನು ಮಾತ್ರ ಯಾರಿಂದಲೂ ಪಾಲು ಮಾಡಲಾಗಲಿಲ್ಲ. ಮೊದಲು ನಮ್ಮ ಕಣ, ಆಮೇಲೆ ಅವರ ಕಣ ಎಂದು ಸರದಿ ಗೊತ್ತಾಯಿತು.

ಅಪ್ಪ ದೊಡ್ಡಪ್ಪ ಮಾತು ಬಿಟ್ಟ ಮೇಲೆ ಅಮ್ಮ ದೊಡ್ಡಮ್ಮನೂ ಮಾತು ಬಿಟ್ಟರು. ಅವರಿಬ್ಬರಿಗೆ ಜಗಳವೇನೂ ಇರಲಿಲ್ಲ. ಗಂಡಂದಿರು ಮುಖ ತಿರುಗಿಸಿರುವಾಗ ತಾವು ನಗುವುದು ಹೇಗೆ ಎಂದು ಬಿಗಿದುಕೊಂಡಿದ್ದರು, ಅಷ್ಟೇ. ಹೇಳಬೇಕಾದದ್ದನ್ನು ಗಾಳಿಗೆ ಹೇಳುತ್ತಿದ್ದರು, ಇಲ್ಲವೇ ನನಗೆ ಹೇಳುತ್ತಿದ್ದರು. ನಾನು ಮತ್ತು ದೊಡ್ಡಪ್ಪನ ಮಗ ನಾಗ ಈ ಪಾಲಿಗೆ ಒಪ್ಪಿಗೆ ಕೊಟ್ಟಿರಲಿಲ್ಲವಾದ್ದರಿಂದ ಅಜ್ಜಿಯ ಎರಡು ಬಾಗಿಲಿನಲ್ಲಿ ಎಗ್ಗಿಲ್ಲದೆ ಓಡಾಡಿಕೊಂಡಿದ್ದೆವು.

ಆ ದಿನ ಬೆಳಿಗ್ಗೆ ನಮ್ಮ ಕಣದಲ್ಲಿ ತೆನೆ ಹರಡಿ ಗುಂಡು ಕಟ್ಟಿದ್ದರು. ಕೆಂಚನ ಜೊತೆಗೆ ಪಕ್ಕದ ಮುನಿಯಪ್ಪನ ಎತ್ತು, ಮುಯ್ಯಿಗೆ ಬಂದದ್ದು. ನಾಳೆ ನಮ್ಮ ಎತ್ತು ಅವರ ಕಣಕ್ಕೆ ಹೋಗುವ ಮಾತು. ಅಂಟಿಕೊಂಡಂತಿದ್ದ ಪಕ್ಕದ ಕಣದಲ್ಲಿ ದೊಡ್ಡಪ್ಪ ಸರದಿ ಕಾಯುತ್ತಾ ತನ್ನ ರಾಗಿ ತೆನೆಯನ್ನು ಬಿಸಿಲಿಗೆ ಹರಡಿದ್ದ. ಗುಂಡು ಅರ್ಧ ಹೊತ್ತು ಸುತ್ತುವಷ್ಟರಲ್ಲಿ ಪೂರ್ವದ ಕಡೆ ಆಕಾಶ ಕಪ್ಪಾಯಿತು. ಸಮುದ್ರದ ಕಡೆ ಏನೋ ಎದ್ದಿದೆ ಎಂದು ರೇಡಿಯೋ ಹೇಳಿತಂತೆ. ಮುನಿಯಪ್ಪ ಓಡಿ ಬಂದು, "ನನ್ ರಾಗಿನೂ ಕಣದಲ್ಲೇ ಐತೆ, ತಪ್ಪು ತಿಳ್ಕೋಬೇಡ್ರಪ್ಪಾ," ಎಂದು ತನ್ನ ಎತ್ತು ಬಿಚ್ಚಿಕೊಂಡು ಹೋದ. ಅವನದು ತಪ್ಪಲ್ಲ. ಗುಂಡು ಕಣದ ನಡುವೆ ನಿಂತುಬಿಟ್ಟಿತು.

ಮೆದೆಯಲ್ಲಿದ್ದ ರಾಗಿಗೆ ಮಳೆಯ ಹೆದರಿಕೆ ಇಲ್ಲ. ಕಣದಲ್ಲಿ ಅರ್ಧ ತುಳಿದ ರಾಗಿಯ ಗತಿ ಬೇರೆ. ಕಾಳು ಉದುರಿ ನೆಲದ ಮೇಲಿರುತ್ತದೆ, ಹುಲ್ಲು ಅದರ ಮೇಲಿರುತ್ತದೆ, ಇನ್ನರ್ಧ ಕಾಳು ತೆನೆಯಲ್ಲೇ ಇರುತ್ತದೆ. ಆಗ ಮಳೆ ಬಿದ್ದರೆ ವರ್ಷದ ಮುದ್ದೆ ಮಣ್ಣಿನಲ್ಲಿ ಮೊಳಕೆ ಒಡೆಯುತ್ತದೆ. ಅಪ್ಪ ಸೈಕಲ್ಲೇರಿ ತಾಯಲೂರಿಗೆ ಹೊರಟ, ಬಾಡಿಗೆಗೆ ಟ್ರ್ಯಾಕ್ಟರ್ ತಂದು ತೆನೆಯ ಮೇಲೆ ಓಡಿಸುತ್ತೇನೆಂದು. ಅವನ ಸೈಕಲ್ಲು ತಿರುವಿನಲ್ಲಿ ಮರೆಯಾದ ಕೂಡಲೇ ದೊಡ್ಡಪ್ಪನೂ ತನ್ನ ಸೈಕಲ್ ತೆಗೆದ. ಹೋಗುವುದು ಒಂದೇ ಊರಿಗೆ, ಕೇಳುವುದು ಒಂದೇ ಟ್ರ್ಯಾಕ್ಟರನ್ನು.

ಅಮ್ಮ ಕಾಯುವ ಹೆಂಗಸಲ್ಲ. ಕೆಂಚನೊಬ್ಬನನ್ನೇ ಗುಂಡಿಗೆ ಕಟ್ಟಿ "ನಡಿ, ನಡಿ" ಎಂದಳು. ಕೆಂಚ ಕತ್ತು ಬಗ್ಗಿಸಿ ಎಳೆದ, ಗೊರಸು ಹುಲ್ಲಿನ ಮೇಲೆ ಜಾರಿತು, ಗುಂಡು ಮಿಸುಕಲಿಲ್ಲ. ಅಮ್ಮ ಚೌಕಟ್ಟಿಗೆ ಬಾವಿಯ ಹಗ್ಗ ಬಿಗಿದಳು. ಅಮ್ಮ, ನಾನು, ಬದು ಹಾರಿ ಬಂದ ನಾಗ, ಮೂವರೂ ಹಗ್ಗ ಹಿಡಿದೆವು.

ಬದುವಿನ ಮೇಲೆ ಕೋಲು ಊರಿಕೊಂಡು ಕೂತಿದ್ದ ಅಜ್ಜಿ ಕೂಗಿದಳು: "ಎಳೀರೇ, ಜಗ್ಗಬೇಡಿ!"

ನಮಗೆ ಎಳೆಯುವುದಕ್ಕೂ ಜಗ್ಗುವುದಕ್ಕೂ ವ್ಯತ್ಯಾಸ ತಿಳಿಯುವ ವಯಸ್ಸಲ್ಲ. ಅಮ್ಮನಿಗೆ ತಿಳಿಯುವ ತಾಳ್ಮೆಯಿರಲಿಲ್ಲ. "ಹೋ" ಎಂದು ಒಂದೇ ಸಲ ಜಗ್ಗಿದೆವು. ಹಗ್ಗ ಫಟ್ಟೆಂದು ಹರಿಯಿತು. ಮೂವರೂ ಹಿಂದಕ್ಕೆ ಹೋಗಿ ಹುಲ್ಲಿನ ಮೇಲೆ ಅಂಗಾತ ಬಿದ್ದೆವು, ಅಮ್ಮನ ಕಾಲು ಆಕಾಶಕ್ಕೆ. ಕೆಂಚ ತಿರುಗಿ ನೋಡಿದ. ಇವತ್ತು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ: ದ್ರವ್ಯರಾಶಿ ಹೆಚ್ಚಿದಷ್ಟೂ ವಸ್ತು ತಾನಿದ್ದ ಸ್ಥಿತಿಯನ್ನು ಬಿಡಲು ಒಪ್ಪುವುದಿಲ್ಲ, ಆತುರ ಮಾಡಿದರೆ ಇನ್ನಷ್ಟು ಬಲ ಕೇಳುತ್ತದೆ, ಆ ಬಲವನ್ನು ತಾಳಲಾರದ್ದು ಮೊದಲು ಹರಿಯುತ್ತದೆ. ಅವತ್ತು ಹರಿದದ್ದು ಬಾವಿಯ ಹಗ್ಗ.

ಆಚೆ ಕಣದಿಂದ ನಗು ಕೇಳಿಸಿತು. ದೊಡ್ಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಗು ಅದರ ಸಂದಿಯಿಂದ ಬರುತ್ತಿತ್ತು.

ಅಮ್ಮ ಎದ್ದು ಸೀರೆ ಕೊಡವಿಕೊಂಡು ನನ್ನನ್ನು ನೋಡಿ ಹೇಳಿದಳು, "ಸುಶೀ, ನಗೋರ್ಗೆ ಹೇಳು, ಅವ್ರ ಕಣದ ಮೇಲೂ ಅದೇ ಮೋಡ ಐತೆ ಅಂತ."

ನಾನು ಹೇಳುವ ಅಗತ್ಯವೇ ಇರಲಿಲ್ಲ. ದೊಡ್ಡಮ್ಮ ತಲೆಯೆತ್ತಿ ಮೋಡ ನೋಡಿದಳು, ತನ್ನ ರಾಗಿ ನೋಡಿದಳು. ಕೊಟ್ಟಿಗೆಗೆ ಹೋಗಿ ಹಂಡನನ್ನು ಬಿಚ್ಚಿ, ಮಿಣಿಹಗ್ಗ ಹೆಗಲಿಗೆ ಹಾಕಿಕೊಂಡು ನಮ್ಮ ಕಣದ ಅಂಚಿಗೆ ಬಂದು ನಿಂತಳು. ಚಪ್ಪಲಿ ಬಿಟ್ಟಳು. "ಸುಶೀ, ನಿಮ್ಮಮ್ಮನ್ ಕೇಳು, ನೊಗ ಎಲ್ಲೈತೆ ಅಂತ."

ಅಮ್ಮ ನನ್ನ ಉತ್ತರಕ್ಕೆ ಕಾಯದೆ ನೊಗ ತಂದಳು. ಹಂಡ ಕೆಂಚನ ಹತ್ತಿರ ಬಂದದ್ದೇ ತಡ, ಅವನ ಕಿವಿಯ ಬುಡವನ್ನು ಪರಪರ ನೆಕ್ಕತೊಡಗಿದ. ಕೆಂಚ ಕಣ್ಣು ಮುಚ್ಚಿಕೊಂಡು ನಿಂತ. ಅದನ್ನು ನೋಡುತ್ತಿದ್ದ ಹೆಂಗಸರಿಬ್ಬರೂ ನೋಡಲೇ ಇಲ್ಲವೆಂಬಂತೆ ನೊಗ ಕಟ್ಟಿದರು.

ಕಷ್ಟ ಶುರುವಾದದ್ದು ಆಮೇಲೆ. ದೊಡ್ಡಮ್ಮ ಗೌನಿಪಲ್ಲಿ ಕಡೆಯವಳು, ಮನೆಯಲ್ಲಿ ದನಕರುವಿಗೆಲ್ಲ ತೆಲುಗಿನಲ್ಲೇ ಹೇಳುತ್ತಿದ್ದಳು. ಪಾಲಾದ ಮೇಲೆ ಹಂಡ ಪೂರಾ ಅವಳ ಎತ್ತಾಗಿದ್ದ. "ಪದ ಪದ" ಎಂದರೆ ಹೊರಡುತ್ತಿದ್ದ, ಬೇರೆ ಮಾತು ಅವನ ಕಿವಿಗೆ ಹೋಗುತ್ತಿರಲಿಲ್ಲ. ಕೆಂಚ ಅಮ್ಮನ "ನಡಿ"ಗೆ ಒಗ್ಗಿದ್ದವನು. ಅಮ್ಮ "ನಡಿ" ಎಂದಳು. ಕೆಂಚ ಎಳೆದ, ಹಂಡ ನಿಂತ. ದೊಡ್ಡಮ್ಮ "ಪದರಾ ಪದ" ಎಂದಳು. ಹಂಡ ಎಳೆದ, ಅಷ್ಟರಲ್ಲಿ ಕೆಂಚ ಕೈಬಿಟ್ಟಿದ್ದ. ನೊಗ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ವಾಲಿತು. ಒಂದಾದ ಮೇಲೊಂದು ಎಳೆದರೆ ಗುಂಡಿಗೇನು? ಅದು ಇದ್ದಲ್ಲೇ ಇತ್ತು.

ಒಂದು ಹನಿ ನನ್ನ ಮೂಗಿನ ಮೇಲೆ ಬಿತ್ತು. ನನಗೆ ಅಳು ಬಂತು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮುಂದಿನ ವರ್ಷವೆಲ್ಲ ಸೊಸೈಟಿಯ ಗೋಧಿ ತಿನ್ನಬೇಕಾಗುತ್ತದೆ ಎಂದು ಹೆದರಿದ್ದೆ.

ಅಮ್ಮ ಒಂದು ಗಳಿಗೆ ತುಟಿ ಕಚ್ಚಿಕೊಂಡು ಯೋಚಿಸಿದಳು. ದೊಡ್ಡಮ್ಮನೂ ನೆಲ ನೋಡಿಕೊಂಡು ಏನೋ ಯೋಚಿಸಿದಳು. ಮರುಕ್ಷಣ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಅಮ್ಮ ಜೋರಾಗಿ "ಪದ!" ಎಂದಳು. ದೊಡ್ಡಮ್ಮ ಅಷ್ಟೇ ಜೋರಾಗಿ "ನಡಿ!" ಎಂದಳು.

ಎತ್ತುಗಳು ಎರಡೂ ನಿಂತುಬಿಟ್ಟವು. ತಮ್ಮ ಮಾತು ಎದುರಿನವಳ ಬಾಯಿಂದ ಯಾಕೆ ಬಂತೆಂದು ಅವಕ್ಕೂ ಗೊತ್ತಾಗಲಿಲ್ಲ. ಅಮ್ಮ ದೊಡ್ಡಮ್ಮ ಮುಖ ಮುಖ ನೋಡಿಕೊಂಡರು. ಸೋಲಲು ಇಬ್ಬರೂ ಒಂದೇ ಸಲ ಹೊರಟಿದ್ದರು. ದೊಡ್ಡಮ್ಮ ನಕ್ಕಳು, ಈ ಸಲ ಸೆರಗಿಲ್ಲದೆ. ಅಮ್ಮ ನಕ್ಕಳು. ಬದುವಿನ ಮೇಲೆ ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು.

"ಎರಡು ಮಾತೂ ಇಬ್ರೂ ಹೇಳ್ರೇ, ದರಿದ್ರದವ್ರಾ!" ಎಂದಳು ಅಜ್ಜಿ. "ಜಗ್ಗಬೇಡಿ. ಮೆಲ್ಲಗೆ ಒರಗಿ."

ಅಮ್ಮ ಚೌಕಟ್ಟಿಗೆ ಭುಜ ಕೊಟ್ಟಳು, ದೊಡ್ಡಮ್ಮ ಇನ್ನೊಂದು ಬದಿಗೆ. ನಾನು ನಾಗ ಹಿಂದಿನಿಂದ ಕಲ್ಲಿಗೇ ಅಂಗೈ ಇಟ್ಟೆವು. ಕಲ್ಲು ತಣ್ಣಗಿತ್ತು. ಎಲ್ಲರೂ ಒಂದೇ ಉಸಿರಿಗೆ "ನಡಿ ಪದ!" ಎಂದೆವು. ನೊಗ ನೇರವಾಯಿತು. ಏನೂ ಆಗಲಿಲ್ಲ ಎಂದುಕೊಳ್ಳುವಷ್ಟರಲ್ಲಿ ನನ್ನ ಅಂಗೈಯ ಕೆಳಗಿನಿಂದ ಕಲ್ಲು ಸರಿಯಿತು. ಗೂಟ ಕಿರ್ರೆಂದಿತು. ಗುಂಡು ಕದಲಿತು.

"ನಿಲ್ಲಿಸ್ಬೇಡ್ರೇ! ಮಳೆ ಬಂದ್ರೂ ನಿಲ್ಲಿಸ್ಬೇಡಿ!" ಎಂದು ಅಜ್ಜಿ ಎದ್ದು ನಿಂತು ಕೂಗತೊಡಗಿದಳು.

ಕದಲಿದ ಗುಂಡೇ ಬೇರೆ. ಅಷ್ಟು ಹೊತ್ತು ನಮ್ಮನ್ನು ಆಟ ಆಡಿಸಿದ್ದ ಅದೇ ಕಲ್ಲು ಈಗ ತಾನೇ ಹೊರಟಂತೆ ಉರುಳುತ್ತಿತ್ತು. ಎತ್ತುಗಳ ಮುಖದಲ್ಲಿ ಬಿಗುವಿರಲಿಲ್ಲ. ಅದಕ್ಕೆ ಹೊರಡುವುದು ಎಷ್ಟು ಬೇಡವಾಗಿತ್ತೋ ನಿಲ್ಲುವುದೂ ಅಷ್ಟೇ ಬೇಡವಾಗಿತ್ತು. ಇದನ್ನು ನಾಗ ಕಲಿತದ್ದು ತನ್ನ ಡಬ್ಬಿ ಬಸ್ಸಿನಿಂದ. ಎಣ್ಣೆ ಡಬ್ಬಿಗೆ ಚಕ್ರ ಕಟ್ಟಿ ಮಾಡಿಕೊಂಡಿದ್ದ ಬಸ್ಸು ಬದುವಿನ ಪಕ್ಕ, ಗುಂಡಿನ ದಾರಿಯಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಅವನು ಓಡಿದ. ಅಮ್ಮ "ಹೋ ಹೋ" ಎಂದು ಎತ್ತಿನ ಹಗ್ಗ ಹಿಡಿದಳು. ಎತ್ತುಗಳು ನಿಂತವು, ಗುಂಡು ನಿಲ್ಲದೆ ಅವುಗಳ ಹಿಂಗಾಲಿನವರೆಗೂ ಬಂದಿತು. ಅಜ್ಜಿ ಕೋಲಿನ ಕೊಕ್ಕೆಯನ್ನು ಅವನ ಚಡ್ಡಿಯ ಪಟ್ಟಿಗೆ ಹಾಕಿ ಎಳೆದುಕೊಂಡಿದ್ದರಿಂದ ನಾಗ ಉಳಿದ. ಬಸ್ಸು ಹಪ್ಪಳವಾಗಿತ್ತು.

ಅವನು ಬಾಯಿ ಬಿಟ್ಟು ಅತ್ತ. ಅಮ್ಮ ಹಗ್ಗವನ್ನು ದೊಡ್ಡಮ್ಮನ ಕೈಗೆ ಕೊಟ್ಟು ಓಡಿ ಬಂದು ಅವನನ್ನು ಎದೆಗೆ ಅವುಚಿಕೊಂಡಳು. ಪಾಲಾದ ಮೇಲೆ ಅವಳು ಅವನನ್ನು ಎಲ್ಲರೆದುರು ಮುಟ್ಟಿದ್ದು ಅದೇ ಮೊದಲು. ದೊಡ್ಡಮ್ಮ ಅದನ್ನು ನೋಡಿದಳು. ಕಣ್ಣೊರೆಸಿಕೊಂಡು ಎತ್ತುಗಳಿಗೆ "ನಡಿ ಪದ" ಎಂದಳು. ಎರಡೂ ಒಂದೇ ಸಲ ಎಳೆದವು ನೋಡಿ, ಈ ಸಲ ಗುಂಡು ಸುಲಭವಾಗಿ ಹೊರಟಿತು.

ನಮ್ಮ ರಾಗಿ ಮುಗಿಯುವ ಹೊತ್ತಿಗೆ ಗುಡುಗು ಹತ್ತಿರವಾಗಿತ್ತು. ದೊಡ್ಡಮ್ಮನ ತೆನೆ ಇನ್ನೂ ಆಚೆ ಕಣದಲ್ಲಿತ್ತು. ಗುಂಡನ್ನು ಬಿಚ್ಚಿ, ದಾಟಿಸಿ, ಮತ್ತೆ ಕಟ್ಟುವಷ್ಟು ಹೊತ್ತಿರಲಿಲ್ಲ. ನಿಲ್ಲಿಸದೆ ಇರಬೇಕಾದರೆ ಅವರ ತೆನೆಯನ್ನೇ ತಂದು ನಮ್ಮ ಕಣಕ್ಕೆ ಸುರಿಯಬೇಕಿತ್ತು. ಹಾಗೆ ಮಾಡಿದರೆ ಎರಡು ಮನೆಯ ರಾಶಿ ಒಂದಾಗುತ್ತದೆ. ನಮ್ಮ ಕಡೆ ಪಾಲಾದವರ ರಾಶಿ ಕೂಡಿಸುವುದಿಲ್ಲ. ಒಂದು ರಾಶಿ ಎಂದರೆ ಒಂದು ಒಲೆ, ಒಂದು ಪೂಜೆ. ಬೆರೆತ ರಾಗಿಯನ್ನು ಮತ್ತೆ ಬೇರೆ ಮಾಡಲು ದೇವರಿಗೂ ಆಗುವುದಿಲ್ಲ. ದೊಡ್ಡಮ್ಮ ತೆನೆಯ ಹೊರೆ ತಲೆಯ ಮೇಲಿಟ್ಟುಕೊಂಡು ಕಣದ ಅಂಚಿಗೆ ಬಂದವಳು ಅಲ್ಲೇ ನಿಂತಳು.

ಅಮ್ಮ ಎತ್ತು ಹೊಡೆಯುತ್ತಲೇ ತಿರುಗಿ ನೋಡಿದಳು. ನನ್ನ ಕಡೆಗಲ್ಲ, ನೇರವಾಗಿ ಅವಳ ಕಡೆಗೆ.

"ಹಾಕಿ ಅಕ್ಕ," ಎಂದಳು.

"ಅವ್ರು ಬಂದು ಏನಂತಾರೋ, ರತ್ನಾ?"

"ಅನ್ನೋರು ಇಲ್ಲಿಲ್ಲ. ಹಾಕಿ."

ಅಜ್ಜಿ ಬದುವಿನಿಂದ, "ರಾಗಿ ಮೇಲೆ ಹೆಸ್ರು ಬರ್ದಿರ್ತದೇನೇ?" ಎಂದಳು. ದೊಡ್ಡಮ್ಮ ಹೊರೆಯನ್ನು ಗುಂಡಿನ ದಾರಿಗೆ ಕೆಡವಿದಳು. ನಾನು ನಾಗ ಓಡೋಡಿ ಹೊತ್ತು ತಂದೆವು. ಕೆಂಚ ಹಂಡ ತಲೆ ತೂಗಿಕೊಂಡು ಸುತ್ತುತ್ತಿದ್ದರು. ಹೆಂಗಸರಿಬ್ಬರು ಗುಂಡು ನಿಲ್ಲಿಸದೆ ಹಗ್ಗವನ್ನು ಕೈಯಿಂದ ಕೈಗೆ ಬದಲಾಯಿಸಿಕೊಳ್ಳುತ್ತಾ, ಮಾತು ಬಿಟ್ಟ ದಿನದಿಂದ ಕೂಡಿಟ್ಟಿದ್ದ ಸುದ್ದಿಯನ್ನೆಲ್ಲ ಸುರಿದುಕೊಂಡರು. ಯಾರ ಹಸು ಕರು ಹಾಕಿತು, ಯಾರ ಮಗಳು ಮೈನೆರೆದಳು, ಗೌನಿಪಲ್ಲಿಯ ತಮ್ಮನ ತೋಪಿನಲ್ಲಿ ಮಾವು ಹೂ ಬಿಟ್ಟಿದೆಯೋ ಇಲ್ಲವೋ. ಮಾತೂ ಗುಂಡಿನ ಹಾಗೆಯೇ, ಮೊದಲ ಸುತ್ತು ಕಷ್ಟ.

ಹುಲ್ಲು ಜಾಡಿಸಿ, ಹೊಟ್ಟು ಸಮೇತ ಕಾಳನ್ನು ಬಾಚಿ, ಮಂಕರಿಗಳಲ್ಲಿ ಅಜ್ಜಿಯ ಕೋಣೆಗೆ ಸುರಿದೆವು. ಎರಡು ಮನೆಗೂ ಬಾಗಿಲಿದ್ದದ್ದು ಆ ಕೋಣೆಗೆ ತಾನೆ. ಕೊನೆಯ ಮಂಕರಿ ಹೊಸ್ತಿಲು ದಾಟುವಾಗ ಮಳೆ ಧೋ ಎಂದು ಇಳಿಯಿತು.

ಅಪ್ಪ ದೊಡ್ಡಪ್ಪ ನೆನೆದು ಮುದ್ದೆಯಾಗಿ, ಸೈಕಲ್ ತಳ್ಳಿಕೊಂಡು, ಒಬ್ಬರ ಹಿಂದೊಬ್ಬರು ಬಂದರು. ಟ್ರ್ಯಾಕ್ಟರ್ ಇರಲಿಲ್ಲ. ತಾಯಲೂರಿನಲ್ಲಿ ಇಬ್ಬರೂ ಅದರ ಬಾನೆಟ್ಟಿನ ಮೇಲೆ ಒಂದೊಂದು ಕೈ ಇಟ್ಟು "ಮೊದ್ಲು ನಾನು" ಎಂದು ನಿಂತಿದ್ದರಂತೆ. ಟ್ರ್ಯಾಕ್ಟರಿನವನು ನೋಡುವಷ್ಟು ನೋಡಿ, "ನೀವ್ ತೀರ್ಮಾನ ಮಾಡ್ಕೊಳ್ಳಿ" ಎಂದು ಬೇರೆ ಊರಿಗೆ ಹೊರಟುಹೋದ. ಇಬ್ಬರೂ ಕಣ ನೋಡಿದರೆ ಕಣ ಖಾಲಿ. ಅಜ್ಜಿಯ ಕೋಣೆ ನೋಡಿದರೆ ಸೊಂಟದೆತ್ತರದ ರಾಶಿ. ಒಬ್ಬ ಈ ಬಾಗಿಲಲ್ಲಿ, ಒಬ್ಬ ಆ ಬಾಗಿಲಲ್ಲಿ ನಿಂತಿದ್ದ.

"ಯಾರ್ದಮ್ಮಾ ಇದು?" ಎಂದು ದೊಡ್ಡಪ್ಪ ಕೇಳಿದ.

"ರಾಗಿ," ಎಂದಳು ಅಜ್ಜಿ.

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಮ್ಮ ಒಲೆಯ ಮುಂದಿನಿಂದ, "ಕೈಕಾಲ್ ತೊಳ್ಕೊಂಡ್ ಬನ್ನಿ, ಮುದ್ದೆ ಆರ್ತದೆ. ಭಾವಾರ್ಗೂ ಹೇಳಿ," ಎಂದಳು. ಅಣ್ಣನನ್ನು ಊಟಕ್ಕೆ ಕರೆಯದೆ ಅಪ್ಪನಿಗೆ ಊಟವಿಲ್ಲ ಎಂಬುದು ಆ ದನಿಯಲ್ಲಿತ್ತು. ಅಪ್ಪ ಬಹಳ ಹೊತ್ತು ಗಂಟಲು ಸರಿ ಮಾಡಿಕೊಂಡ. ಕಡೆಗೆ, "ಬಾಣ್ಣ," ಎಂದ. ಹಿತಕಿದ ಅವರೆಬೇಳೆ ಸಾರಿನಲ್ಲಿ ಮುದ್ದೆ ಅದ್ದಿ ಎಲ್ಲರೂ ಅಜ್ಜಿಯ ಕೋಣೆಯಲ್ಲಿ ರಾಶಿಯ ಪಕ್ಕದಲ್ಲೇ ಕೂತು ಉಂಡೆವು. ಗಂಡಸರು ಸಾರನ್ನು ಮತ್ತೆ ಮತ್ತೆ ಹಾಕಿಸಿಕೊಂಡರು.

ಮನೆಯ ಗೋಡೆ ಹಾಗೇ ಉಳಿಯಿತು. ಆದರೆ ಆಮೇಲೆ ಪ್ರತಿ ಚಳಿಗಾಲ ಕೆಂಚ ಹಂಡ ಒಂದೇ ನೊಗಕ್ಕೆ ಬಂದರು, ರಾಶಿ ಒಂದೇ ಆಯಿತು. ಊರವರು ನಮ್ಮ ಕಣಕ್ಕೆ ನಡಿಪದ ಕಣ ಎಂದೇ ಹೆಸರಿಟ್ಟರು.

ಈಗ ನಮ್ಮೂರಲ್ಲಿ ಕಣವೇ ಇಲ್ಲ. ಮೆಷಿನ್ ಬರುತ್ತದೆ, ಒಂದು ಕಡೆ ತೆನೆ ತುರುಕಿದರೆ ಇನ್ನೊಂದು ಕಡೆ ಕಾಳು ಬೀಳುತ್ತದೆ, ಟೀ ಕುಡಿದು ಮುಗಿಸುವಷ್ಟರಲ್ಲಿ ಹೊರಟುಹೋಗುತ್ತದೆ. ಅದನ್ನು ನಾನು ಬೈಯುವುದಿಲ್ಲ, ಅಮ್ಮನ ಭುಜದ ನೋವು ನೋಡಿದವಳು ನಾನು. ಆದರೆ ಮೆಷಿನ್ನಿಗೆ ಪಕ್ಕದ ಮನೆಯ ಎತ್ತು ಬೇಕಾಗುವುದಿಲ್ಲ. ದೊಡ್ಡಪ್ಪನ ಕಣವಿದ್ದ ಜಾಗದಲ್ಲಿ ಟೊಮೇಟೊ ಕ್ರೇಟುಗಳ ಗೋಡೌನು, ಅದಕ್ಕೊಂದು ಕಾಂಪೌಂಡು. ಗುಂಡನ್ನು ರಸ್ತೆ ಮಾಡಿದವರು ಜೆಸಿಬಿಯಲ್ಲಿ ತಳ್ಳಿ ನಮ್ಮ ಹಳೆಯ ಕಣದ ಅಂಚಿನ ಬೇವಿನ ಮರದ ಕೆಳಗೆ ಬಿಟ್ಟಿದ್ದಾರೆ.

ಪ್ರತಿ ವರ್ಷ ಜಡತ್ವದ ಪಾಠಕ್ಕೆ ನನ್ನ ಶಾಲೆಯ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಈ ವರ್ಷವೂ ಹೋಗಿದ್ದೆ. ದಪ್ಪ ಹುಡುಗರು ಶರ್ಟಿನ ತೋಳು ಮಡಚಿ "ಒನ್ ಟೂ ತ್ರೀ" ಎಂದು ನುಗ್ಗಿದರು. ಭುಜ ಉಜ್ಜಿಕೊಂಡು ವಾಪಸ್ ಬಂದರು.

"ಮೇಡಂ, ಇಷ್ಟ್ ವರ್ಷ ಆದ್ಮೇಲೆ ಇನ್ನೂ ಭಾರ ಆಗಿರತ್ತಾ?" ಎಂದು ಒಬ್ಬಳು ಕೇಳಿದಳು.

"ಇಲ್ಲ," ಎಂದೆ. "ಅದು ಅವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ. ಒಂದು ಗುಲಗಂಜಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ."

ಕಡಿಮೆಯಾದವರು ಅದನ್ನು ಕದಲಿಸಿದವರು. ಅಜ್ಜಿ ಇಲ್ಲ, ಅಪ್ಪ ದೊಡ್ಡಪ್ಪ ಇಲ್ಲ, ಮೊನ್ನೆ ಮೊನ್ನೆ ದೊಡ್ಡಮ್ಮನೂ ಹೋದಳು. ಅದನ್ನು ಮಕ್ಕಳಿಗೆ ಹೇಳಲಿಲ್ಲ. ಎಲ್ಲರನ್ನೂ, ಹುಡುಗಿಯರನ್ನೂ, ಗುಂಡಿನ ಹಿಂದೆ ನಿಲ್ಲಿಸಿ, ಜಗ್ಗಬೇಡಿ ಮೆಲ್ಲಗೆ ಒರಗಿ ಎಂದೆ. ಏನು ಕೂಗಬೇಕೆಂದು ಹೇಳಿಕೊಟ್ಟೆ. ಅವರು ನಗುತ್ತಲೇ "ನಡಿ ಪದ!" ಎಂದರು. ಕಲ್ಲಿನ ಕೆಳಗೆ ಒಣ ಬೇವಿನೆಲೆ ಚರಚರ ಎಂದಿತು. ಗುಂಡು ಸರಿಯಿತು.

ಮಕ್ಕಳು ಖುಷಿಯಲ್ಲಿ ಕೈಬಿಟ್ಟು ಚಪ್ಪಾಳೆ ತಟ್ಟಲು ಹೊರಟರು. ನಾನು ಅಭ್ಯಾಸದಂತೆ ಬದುವಿದ್ದ ಕಡೆ ತಿರುಗಿದೆ. ಅಲ್ಲಿ ಕಾಂಪೌಂಡ್ ಗೋಡೆಯಿತ್ತು.

"ನಿಲ್ಲಿಸ್ಬೇಡ್ರೋ!" ಎಂದು ನಾನೇ ಕೂಗಿದೆ.